ಅರಳುಮರಳು ಎಂದು ಬಿಟ್ಟುಬಿಟ್ಟ ಕಾಯಿಲೆ

ಸಂತೆಗೆ ಹೋದ ಅಜ್ಜ ಮನೆಯ ದಾರಿ ಮರೆತು ಊರಾಚೆಯ ಗುಡಿಕಟ್ಟೆಯ ಮೇಲೆ ಕೂತಿದ್ದರೆ, ಪರಿಚಯದವರು ಯಾರಾದರೂ ಕೈಹಿಡಿದು ತಂದು ಬಿಡುತ್ತಾರೆ. ನಮ್ಮ ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆಯ ಮನೆಗಳಲ್ಲಿ ಆಗ ಕೇಳುವ ಮಾತು ಒಂದೇ: 'ವಯಸ್ಸಾತಲ್ರೀ, ಅರಳುಮರಳು.' ಉಂಡದ್ದನ್ನು ಮರೆತು ಮತ್ತೆ ಊಟ ಕೇಳುವ ಅಜ್ಜಿಗೂ ಇದೇ ಮಾತು, ಸೊಸೆಯನ್ನು ಗುರುತಿಸದ ಅಜ್ಜಿಗೂ ಇದೇ. ಅರವತ್ತಕ್ಕೆ ಅರಳುಮರಳು ಎಂಬ ಗಾದೆಯಲ್ಲಿ ಮುದುಕರ ಬಗ್ಗೆ ಸೈರಣೆ ಇದೆ, ಅದನ್ನು ನಾನು ಗೌರವಿಸುತ್ತೇನೆ. ಆದರೆ ಅದೇ ಗಾದೆ ಕಾಯಿಲೆಯೊಂದನ್ನು ಮುಪ್ಪಿನ ಲೆಕ್ಕಕ್ಕೆ ಬರೆದು ಮುಚ್ಚಿಬಿಟ್ಟಿದೆ. ಮುಪ್ಪು ಬೇರೆ, ಮೆದುಳಿನ ಜೀವಕೋಶಗಳು ಸಾಯುವುದು ಬೇರೆ ಎಂದು ತೋರಿಸಲು ವಿಜ್ಞಾನಕ್ಕೂ ಒಂದು ಶತಮಾನ ಬೇಕಾಯಿತು. ಆ ಕೆಲಸದ ಒಂದು ಪಾಲು ಕರ್ನಾಟಕದಲ್ಲೇ ನಡೆದಿದೆ.

1906ರಲ್ಲಿ ಜರ್ಮನಿಯ ವೈದ್ಯ ಅಲೋಯ್ಸ್ ಆಲ್‌ಝೈಮರ್ ತನ್ನ ರೋಗಿ ಆಗುಸ್ಟೆ ಡೀಟರ್‌ಳ ಮೆದುಳನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಕೋಶಗಳ ಹೊರಗೆ ಗಂಟುಗಟ್ಟಿದ ಕಲೆಗಳನ್ನೂ ಒಳಗೆ ಸಿಕ್ಕುಬಿದ್ದ ಎಳೆಗಳನ್ನೂ ಕಂಡ. ಆಕೆ ಸತ್ತಾಗ ವಯಸ್ಸು ಐವತ್ತೈದು, ಅರಳುಮರಳಿನ ವಯಸ್ಸೇ ಅಲ್ಲ. ಆ ಕಲೆಗಳಲ್ಲಿರುವುದು ಅಮಿಲಾಯ್ಡ್ ಬೀಟಾ ಎಂಬ ಪ್ರೋಟೀನ್ ಎಂದು ತಿಳಿಯುವ ಹೊತ್ತಿಗೆ 1980ರ ದಶಕ ಬಂದಿತ್ತು. ಅಲ್ಲಿಂದ ಮುಂದೆ ಜಗತ್ತಿನ ಪ್ರಯೋಗಾಲಯಗಳೆಲ್ಲ ಅದರ ಬೆನ್ನುಹತ್ತಿದವು.

ನಮ್ಮಲ್ಲಿ ಮೊದಲು ಬೇಕಾದದ್ದು ಮೆದುಳು. ಸತ್ತವರ ಮೆದುಳನ್ನು ಸಂಶೋಧನೆಗೆ ಕೊಡಿ ಎಂದು ಕುಟುಂಬವನ್ನು ಕೇಳುವುದು ಯಾವ ಸಮಾಜದಲ್ಲೂ ಸುಲಭವಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಶಾಸ್ತ್ರಜ್ಞ ಎಸ್.ಕೆ. ಶಂಕರ್ ಆ ಕಷ್ಟದ ಕೆಲಸಕ್ಕೆ ಕೈಹಾಕಿ 1995ರಲ್ಲಿ ಮಾನವ ಮೆದುಳಿನ ಅಂಗಾಂಶ ಭಂಡಾರವನ್ನು ಕಟ್ಟಿದರು. ಭಾರತೀಯರ ಮೆದುಳು ಹೇಗೆ ಮುಪ್ಪಾಗುತ್ತದೆ ಎಂಬ ಪ್ರಶ್ನೆಗೆ ಪಾಶ್ಚಾತ್ಯರ ಮೆದುಳಿನಲ್ಲಿ ಉತ್ತರ ಹುಡುಕುವ ಅಗತ್ಯ ಅಲ್ಲಿಂದ ಕಡಿಮೆಯಾಯಿತು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಕೆ.ಎಸ್. ಜಗನ್ನಾಥ ರಾವ್ ಅವರ ತಂಡ ಆ ಜರ್ಮನ್ ವೈದ್ಯನ ಹೆಸರೇ ಅಂಟಿದ ಆಲ್‌ಝೈಮರ್ ಕಾಯಿಲೆಯ ರೋಗಿಗಳ ಮೆದುಳಿನಲ್ಲಿ ಲೋಹಗಳ ಏರುಪೇರನ್ನು ಅಳೆಯಿತು. ಆ ಮೆದುಳುಗಳಲ್ಲಿ ಡಿಎನ್‌ಎಯ ಸುರುಳಿ ತನ್ನ ಎಂದಿನ ಬಲಮುರಿ ಆಕಾರ ಬಿಟ್ಟು ಎಡಮುರಿಯಾಗಿರುವುದಕ್ಕೆ ಪುರಾವೆ ಇದೆ ಎಂದು 2002ರಲ್ಲಿ ಪ್ರಕಟಿಸಿತು. ಆಹಾರ ಸಂಸ್ಥೆಯೊಂದರಲ್ಲಿ ಮರೆವಿನ ರೋಗದ ಕೆಲಸ ನಡೆಯಿತೆಂದರೆ ಹಲವರಿಗೆ ಆಶ್ಚರ್ಯ.

ಮೈಸೂರಿನಿಂದಲೇ ಹೊರಟ ಇನ್ನೊಂದು ದಾರಿ ಹೆಚ್ಚು ದೂರ ಹೋಯಿತು. ಮೈಸೂರು ವಿಶ್ವವಿದ್ಯಾಲಯದಿಂದ 1981ರಲ್ಲಿ ಪಿಎಚ್‌ಡಿ ಪಡೆದ ವಿಜಯಲಕ್ಷ್ಮಿ ರವೀಂದ್ರನಾಥ್ 1986ರಲ್ಲಿ ನಿಮ್ಹಾನ್ಸ್ ಸೇರಿದರು. ಔಷಧಿಗಳನ್ನು ಯಕೃತ್ತು ಅರಗಿಸುವುದು ಎಲ್ಲರಿಗೂ ಗೊತ್ತಿತ್ತು. ಮೆದುಳು ತಾನೇ ಏನನ್ನು ಅರಗಿಸುತ್ತದೆ ಎಂಬುದು ಅವರ ಮೊದಲ ಪ್ರಶ್ನೆ. ಅಲ್ಲಿಂದ ವಿಷಗಳತ್ತ ಬಂದರು. ಕೇಸರಿಬೇಳೆಯನ್ನೇ ತಿಂಗಳುಗಟ್ಟಲೆ ಉಂಡ ಬಡವರ ಕಾಲು ಸೆಟೆದು ನಡಿಗೆ ನಿಲ್ಲುವ ಲ್ಯಾಥಿರಿಸಂ, ಕೈ ನಡುಗಿಸುವ ಪಾರ್ಕಿನ್‌ಸನ್, ಎರಡರಲ್ಲೂ ಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾ ಕೆಡುತ್ತದೆ ಎಂದು ಅವರ ತಂಡ ತೋರಿಸಿತು. ಪಾರ್ಕಿನ್‌ಸನ್ ತರಿಸುವ ಎಂಪಿಟಿಪಿ ಎಂಬ ರಾಸಾಯನಿಕ ಕೊಟ್ಟ ಇಲಿಗಳಲ್ಲಿ ಹೆಣ್ಣಿಲಿಗಳಿಗೆ ಹಾನಿ ಕಡಿಮೆ. ಅವುಗಳ ಮೆದುಳಿನಲ್ಲಿ ಗ್ಲುಟಾರೆಡಾಕ್ಸಿನ್ ಎಂಬ ಕಿಣ್ವ ಹೆಚ್ಚಿತ್ತು, ಅದು ಮೈಟೊಕಾಂಡ್ರಿಯಾವನ್ನು ಕಾಯುತ್ತಿತ್ತು. ಪಾರ್ಕಿನ್‌ಸನ್ ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚು ಏಕೆ ಎಂಬುದಕ್ಕೆ ಇದೊಂದು ಸುಳಿವು.

ಭತ್ತದ ಗದ್ದೆಗಳ ಗಂಗಾವತಿ ಸೀಮೆಯವರು ಇಲ್ಲೊಂದು ಮಾತು ಗಮನಿಸಬೇಕು. ಎಂಪಿಟಿಪಿ ದೇಹದಲ್ಲಿ ತಾಳುವ ರೂಪಕ್ಕೂ ಪ್ಯಾರಾಕ್ವಾಟ್ ಎಂಬ ಕಳೆನಾಶಕಕ್ಕೂ ರಾಸಾಯನಿಕ ರಚನೆಯಲ್ಲಿ ಹತ್ತಿರದ ನಂಟು. ಈ ಕಳೆನಾಶಕದ ಒಡನಾಟದಲ್ಲಿದ್ದವರಿಗೆ ಪಾರ್ಕಿನ್‌ಸನ್ ಬರುವ ಸಂಭವ ಹೆಚ್ಚೆಂದು ಹಲವು ದೇಶಗಳ ಅಧ್ಯಯನಗಳು ಹೇಳಿವೆ. ಯೂರೋಪಿನ ಒಕ್ಕೂಟದಲ್ಲಿ 2007ರಿಂದ ಅದಕ್ಕೆ ಪ್ರವೇಶವಿಲ್ಲ, ಭಾರತದಲ್ಲಿ ಇನ್ನೂ ಮಾರಾಟವಾಗುತ್ತದೆ. ಬೆನ್ನಿಗೆ ಡಬ್ಬ ಕಟ್ಟಿಕೊಂಡು, ಮೂಗಿಗೆ ಬರೀ ಟವೆಲ್ ಸುತ್ತಿ ಎಣ್ಣೆ ಹೊಡೆಯುವವರನ್ನು ಕಂಡಾಗಲೆಲ್ಲ ಆ ಇಲಿಗಳ ಪ್ರಯೋಗ ನನಗೆ ನೆನಪಾಗುತ್ತದೆ.

1999ರಲ್ಲಿ ಹರಿಯಾಣದ ಮಾನೇಸರದಲ್ಲಿ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರವನ್ನು ಕಟ್ಟಲು ಹೋದ ವಿಜಯಲಕ್ಷ್ಮಿ ಹತ್ತು ವರ್ಷದ ಬಳಿಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅವರ ತಂಡದ 2012ರ ಪ್ರಬಂಧ ನಮ್ಮ ಬೆದ್ದಲು ಸೀಮೆಯವರಿಗೂ ಗೊತ್ತಿರುವ ಅಶ್ವಗಂಧದ ಬಗ್ಗೆ, ಅಂದರೆ ಹಿರೇಮದ್ದಿನ ಗಿಡದ ಬಗ್ಗೆ. ಆಲ್‌ಝೈಮರ್ ಬರುವಂತೆ ಮಾಡಿದ ಇಲಿಗಳಿಗೆ ಅದರ ಬೇರಿನ ಸಾರವನ್ನು ಮೂವತ್ತು ದಿನ ಕುಡಿಸಿದಾಗ ನೆನಪು ಸುಧಾರಿಸಿತು, ಮೆದುಳಿನ ಅಮಿಲಾಯ್ಡ್ ಕರಗಿತು. ಸೋಜಿಗವೆಂದರೆ ಮದ್ದು ಕೆಲಸ ಮಾಡಿದ್ದು ಮೆದುಳಿನಲ್ಲಲ್ಲ, ಯಕೃತ್ತಿನಲ್ಲಿ. ಅಲ್ಲಿ ಅಮಿಲಾಯ್ಡನ್ನು ಹಿಡಿಯುವ ಗ್ರಾಹಕಗಳು ಹೆಚ್ಚಿ, ರಕ್ತದಿಂದ ಅದನ್ನು ಸೆಳೆದುಕೊಂಡವು. ರಕ್ತದಲ್ಲಿ ಅದು ಖಾಲಿಯಾದಂತೆ ಮೆದುಳಿನದೂ ಹೊರಗೆ ಹರಿದು ಬಂತು, ಕೆರೆಯ ತೂಬು ಎತ್ತಿದ ಹಾಗೆ. ಇದು ಇಲಿಯಲ್ಲಿ ಕಂಡ ಮಾತು. ಅಂಗಡಿಯ ಅಶ್ವಗಂಧದ ಪುಡಿಯಿಂದ ಮನುಷ್ಯರ ಮರೆವು ವಾಸಿಯಾಗುತ್ತದೆ ಎಂದು ಯಾರಾದರೂ ಮಾರಿದರೆ ಕೊಳ್ಳಬೇಡಿ.

ನಾಟಿಮದ್ದು ಪ್ರಯೋಗಾಲಯ ದಾಟಿ ನಿಜಕ್ಕೂ ನಿಂತ ಉದಾಹರಣೆ ನಸಗುನ್ನಿ. ಅದರ ಬೀಜದಲ್ಲಿ ಎಲ್-ಡೋಪಾ ಇದೆಯೆಂದು 1937ರಲ್ಲೇ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು ಕಂಡುಕೊಂಡಿದ್ದರು. ಪಾರ್ಕಿನ್‌ಸನ್ ರೋಗಿಗೆ ಇಂದಿಗೂ ಕೊಡುವ ಮುಖ್ಯ ಔಷಧಿ ಅದೇ ಎಲ್-ಡೋಪಾ. ಇತ್ತ ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಟಿ. ಗೋವಿಂದರಾಜು ಅವರ ತಂಡ ಟಿಜಿಆರ್63 ಎಂಬ ಸಣ್ಣ ಅಣುವನ್ನು ರೂಪಿಸಿದೆ. ಇಲಿಗಳಲ್ಲಿ ಅದು ಅಮಿಲಾಯ್ಡ್ ಕಲೆಗಳನ್ನು ತಗ್ಗಿಸಿದೆ. ಜಗತ್ತಿನಲ್ಲಿ ಅಮಿಲಾಯ್ಡ್ ತೆಗೆಯುವ ಔಷಧಿಗಳು ರೋಗಿಗಳಿಗೆ ತಲುಪಿದ್ದೂ ಈಚೆಗೇ. 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮತಿ ಪಡೆದ ಲೆಕಾನೆಮಾಬ್ ಹದಿನೆಂಟು ತಿಂಗಳಲ್ಲಿ ರೋಗದ ಇಳಿಜಾರನ್ನು ಸುಮಾರು ಶೇಕಡಾ 27ರಷ್ಟು ನಿಧಾನಿಸಿತು. ನಿಲ್ಲಿಸಲಿಲ್ಲ. ಮೆದುಳಿನಲ್ಲಿ ಬಾವು, ರಕ್ತಸ್ರಾವದ ಅಪಾಯವೂ ಉಂಟು. ಕಲೆ ತೆಗೆದರೆ ಸಾಲದು ಎಂಬ ಅರಿವು ಅಲ್ಲಿಂದ ಗಟ್ಟಿಯಾಯಿತು.

ಹಾಗಾಗಿ ಔಷಧಿಗಳಿಗಿಂತ ಸಂಶೋಧನೆ ಹಳ್ಳಿಯತ್ತ ಹೊರಳಿದ್ದೇ ನನ್ನ ಮಟ್ಟಿಗೆ ಈ ಕತೆಯ ಮುಖ್ಯ ತಿರುವು. ನಿಮ್ಹಾನ್ಸ್‌ನ ಎಂ. ಗೌರಿದೇವಿ ಮತ್ತು ಸಂಗಡಿಗರು ಬೆಂಗಳೂರು ಸುತ್ತಿನ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಮನೆಮನೆಗೆ ಹೋಗಿ ನೋಡಿ 2004ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ನರರೋಗಗಳು ಪಟ್ಟಣಕ್ಕಿಂತ ಹಳ್ಳಿಯಲ್ಲೇ ಹೆಚ್ಚು. 2023ರ ರಾಷ್ಟ್ರೀಯ ಅಂದಾಜಿನ ಪ್ರಕಾರ ದೇಶದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ ಡಿಮೆನ್ಶಿಯಾ ಎಂಬ ಮರೆವಿನ ಕಾಯಿಲೆ, ಒಟ್ಟು 88 ಲಕ್ಷ ಜನ. ಹೆಂಗಸರಲ್ಲಿ, ಹಳ್ಳಿಗಳಲ್ಲಿ, ಓದು ಬಾರದವರಲ್ಲಿ ಹೆಚ್ಚು. ಓದು ಬಾರದವರ ನೆನಪನ್ನು ಅಳೆಯುವುದು ಹೇಗೆ? ಗಡಿಯಾರ ಬರೆದು ತೋರಿಸು, ವಾಕ್ಯ ಬರೆ ಎಂದರೆ ಪೆನ್ನು ಹಿಡಿಯದ ಕೈ ಸೋಲುತ್ತದೆ. ಅದು ಶಾಲೆ ಇಲ್ಲದ ಸೋಲು, ಮೆದುಳಿನದಲ್ಲ. ಅದಕ್ಕೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನೇತೃತ್ವದಲ್ಲಿ ಕನ್ನಡವೂ ಸೇರಿ ಐದು ಭಾರತೀಯ ಭಾಷೆಗಳಿಗೆ ಒಗ್ಗುವ ಪರೀಕ್ಷಾ ಸಾಮಗ್ರಿ ತಯಾರಾಯಿತು.

ವಿಜಯಲಕ್ಷ್ಮಿ ಅವರೇ ಸ್ಥಾಪಕ ನಿರ್ದೇಶಕರಾಗಿದ್ದ, ಬೆಂಗಳೂರಿನ ಮತ್ತೊಂದು ಮೆದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ನಲವತ್ತೈದು ದಾಟಿದ ಹತ್ತು ಸಾವಿರ ಜನರನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನವನ್ನು 2018ರಲ್ಲಿ ಆರಂಭಿಸಿತು. ರಕ್ತ, ಜೀನೋಮ್, ಮೆದುಳಿನ ಎಂಆರ್‌ಐ, ನೆನಪಿನ ಪರೀಕ್ಷೆ ಎಲ್ಲವೂ ಅದರಲ್ಲಿವೆ. ನಲವತ್ತೈದರಿಂದಲೇ ಏಕೆ? ಮರೆವು ಕಾಣಿಸುವ ಹದಿನೈದು ಇಪ್ಪತ್ತು ವರ್ಷ ಮೊದಲೇ ಅಮಿಲಾಯ್ಡ್ ಸೇರತೊಡಗುತ್ತದೆ. ಬಿ.ಪಿ., ಸಕ್ಕರೆ, ಕಿವುಡುತನ, ದೃಷ್ಟಿದೋಷ, ಒಂಟಿತನ ಇಂಥವನ್ನು ಮೊದಲೇ ಸರಿಪಡಿಸಿದರೆ ಡಿಮೆನ್ಶಿಯಾದ ಶೇಕಡಾ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು 2024ರ ಲ್ಯಾನ್ಸೆಟ್ ಆಯೋಗ ಹೇಳಿದೆ.

ಕೊಪ್ಪಳಕ್ಕೆ ಇನ್ನೂ ಹತ್ತಿರದ ಸುಳಿವು ಹೈದರಾಬಾದಿನಿಂದ ಬಂದಿದೆ. ಈಗ ನಿಮ್ಹಾನ್ಸ್‌ನಲ್ಲಿರುವ ಸುವರ್ಣಾ ಅಲ್ಲಾಡಿ ಹೈದರಾಬಾದಿನಲ್ಲಿ 648 ಡಿಮೆನ್ಶಿಯಾ ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ತಿಳಿಸಿದ ಸಂಗತಿ ಇದು: ಎರಡು ಭಾಷೆ ಆಡುವವರಲ್ಲಿ ರೋಗ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದು ಬಾರದವರಲ್ಲೂ ಈ ಅಂತರ ಕಂಡಿತು. ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಜಿಲ್ಲೆಯಲ್ಲಿ ಕನ್ನಡದ ಜೊತೆ ದಖನಿ ಉರ್ದು, ಕ್ಯಾಂಪುಗಳಲ್ಲಿ ತೆಲುಗು, ತಾಂಡಾಗಳಲ್ಲಿ ಲಂಬಾಣಿ ನಿತ್ಯದ ಮಾತು. ಸಂತೆಯಲ್ಲಿ ಕೂತ ಅಜ್ಜಿ ಗಿರಾಕಿಯ ಮುಖ ನೋಡಿ ಭಾಷೆ ಬದಲಿಸುತ್ತಾಳೆ. ಅದು ಮೆದುಳಿಗೆ ದಿನದಿನದ ಗರಡಿ.

ಶ್ರೀನಿವಾಸಪುರದಂಥ ಅಧ್ಯಯನ ಇಲ್ಲಿಗೂ ಬರಬೇಕೆಂದು ಕೇಳುವುದು ಈ ಕಾರಣಕ್ಕೆ. ಒಂದೇ ಜಿಲ್ಲೆಯಲ್ಲಿ, ಒಂದೇ ಬಿಸಿಲಿನಡಿ, ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಎಣ್ಣೆ ಹೊಡೆಯುವ ಭತ್ತದ ಗದ್ದೆಗಳಿವೆ. ಕಾಲುವೆ ಮುಟ್ಟದ ಯಲಬುರ್ಗಾ, ಕುಷ್ಟಗಿಯಲ್ಲಿ ಮಳೆ ನಂಬಿದ ಜೋಳ, ಸಜ್ಜೆಯ ಹೊಲಗಳಿವೆ. ಎರಡೂ ಕಡೆಯ ಮೆದುಳು ಹೇಗೆ ಮುಪ್ಪಾಗುತ್ತಿದೆ ಎಂದು ಹೋಲಿಸಲು ಇದಕ್ಕಿಂತ ಒಳ್ಳೆಯ ನೆಲ ಸಿಗುವುದು ಕಷ್ಟ. ತುಂಗಭದ್ರಾ ಅಣೆಕಟ್ಟು ಮುಗಿದದ್ದು 1953ರಲ್ಲಿ. ಕಾಲುವೆಗೆ ನೀರು ಬಂದ ವರ್ಷಗಳಲ್ಲಿ ಹುಟ್ಟಿ, ಆ ನೀರಿನ ಗದ್ದೆಯಲ್ಲೇ ದುಡಿದು ಮುಪ್ಪಾದವರಿಗೆ ಈಗ ಎಪ್ಪತ್ತು ದಾಟಿದೆ.