ತಿದಿಯ ಪಕ್ಕದಲ್ಲಿ ಟಿಗ್
ಅಂಕೋಲೆಯ ನಮ್ಮ ಮನೆ ಹಿಂದಿನ ಮಾಡಿನಲ್ಲಿ ಅಪ್ಪನ ತಿದಿ ಇನ್ನೂ ಇದೆ. ಅವರು ಕತ್ತಿ, ಗುದ್ದಲಿ ಕಾಸಿ ಬಡಿದವರು. ನಾನು ಟಿಗ್ ಬೆಸುಗೆ (ವೆಲ್ಡಿಂಗ್) ಕಲಿತದ್ದು ಕಾರವಾರದ ಕೈಗಾದಲ್ಲಿ ಅಣುಸ್ಥಾವರ ಏಳುತ್ತಿದ್ದಾಗ. ಅದರ ಮೊದಲೆರಡು ಘಟಕಗಳು 2000ದಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಟಿಗ್ ವಿದ್ಯೆ ಬೆಳೆದದ್ದು 1940ರ ದಶಕದ ಅಮೆರಿಕದಲ್ಲಿ, ವಿಮಾನದ ಮೆಗ್ನೀಸಿಯಂ ಬೆಸೆಯಲು. ಬೆಸುಗೆಯನ್ನು ಗಾಳಿಯಿಂದ ಕಾಯಲು ಆಗ ಹೀಲಿಯಂ, ಈಗ ನನ್ನ ಸಿಲಿಂಡರಿನಲ್ಲಿ ಆರ್ಗಾನ್.

ಮನೆಗೆ 200 ಆಂಪಿಯರಿನ ಎಸಿ-ಡಿಸಿ ಯಂತ್ರವನ್ನೇ ಹಟ ಹಿಡಿದು ಆರಿಸಿದೆ. ಸ್ಟೀಲ್ ರೇಲಿಂಗಿಗೆ ಡಿಸಿ ಸಾಕು. ಅಲ್ಯೂಮಿನಿಯಂ ಮೇಲಿನ ಆಕ್ಸೈಡ್ ಪದರ ಒಡೆಯಲು ಎಸಿಯೇ ಬೇಕು. ಬೆಂಕಿ ಏಳಲಿ ಎಂದು ಅಪ್ಪ ಗಾಳಿ ಊದುತ್ತಿದ್ದರು. ನಾನೋ, ಕಡಲಗಾಳಿ ಎದ್ದರೆ ಪಡುವಣ ಬಾಗಿಲು ಹಾಕುತ್ತೇನೆ; ಆರ್ಗಾನ್ ಚದುರಿದರೆ ಬೆಸುಗೆ ಕರಿಗಟ್ಟುತ್ತದೆ.