ಎಡೆದೊರೆನಾಡಿನಲ್ಲಿ ಕುದುರೆಯ ಮೇವು, ನೀರು ಮತ್ತು ಆರೈಕೆ

ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ಪ್ರದೇಶವನ್ನು ಪ್ರಾಚೀನ ಶಾಸನಗಳು ಎಡೆದೊರೆನಾಡೆಂದು ಕರೆದಿರುವುವು. ರಾಯಚೂರು, ಮಾನವಿ, ದೇವದುರ್ಗಗಳು ಈ ನಾಡಿಗೆ ಸೇರಿದ ಸ್ಥಳಗಳು. ಮೊದಲು ಬಹಮನಿ ಸುಲ್ತಾನರೂ ವಿಜಯನಗರದ ಅರಸರೂ, ತರುವಾಯ ಬಿಜಾಪುರದ ಆದಿಲಶಾಹಿಗಳೂ ಈ ನೆಲಕ್ಕಾಗಿ ಸುಮಾರು ಎರಡು ಶತಮಾನಗಳ ಕಾಲ ಹೋರಾಡಿದ ಸಂಗತಿ ಚರಿತ್ರೆಯನ್ನು ಓದಿದವರಿಗೆಲ್ಲ ತಿಳಿದುದೇ ಆಗಿದೆ. ಆ ಹೋರಾಟಗಳನ್ನು ವರ್ಣಿಸುವವರು ಇಷ್ಟು ಸಾವಿರ ರಾವುತರು, ಇಷ್ಟು ಆನೆಗಳು, ಇಷ್ಟು ಫಿರಂಗಿಗಳು ಎಂದು ಲೆಕ್ಕ ಕೊಡುವುದುಂಟು. ಆದರೆ ಆ ಕುದುರೆಗಳು ಬೆಳಗ್ಗೆ ಏನನ್ನು ತಿಂದುವು, ಎಲ್ಲಿ ನೀರು ಕುಡಿದುವು, ಅವುಗಳ ಮೈಯನ್ನು ಯಾರು ಉಜ್ಜಿದರು ಎಂಬ ವಿಚಾರ ಬಹುಮಟ್ಟಿಗೆ ಉಪೇಕ್ಷಿತವಾಗಿದೆ. ಯುದ್ಧ ಮುಗಿದ ಮೇಲೆ ಕತ್ತಿಯನ್ನು ಗೋಡೆಗೆ ತೂಗುಹಾಕಬಹುದು; ಕುದುರೆಯನ್ನು ಹಾಗೆ ಇಡಲಾಗದು. ಯುದ್ಧವಿರಲಿ ಇಲ್ಲದಿರಲಿ, ಅದರ ಹೊಟ್ಟೆಯ ಚಿಂತೆ ಪ್ರತಿದಿನದ್ದು. ಈ ಚಿಂತೆಯನ್ನು ಮುಂದಿಟ್ಟುಕೊಂಡು ನೋಡಿದರೆ, ಈ ಸೀಮೆಯ ಯುದ್ಧವೃತ್ತಾಂತಗಳಲ್ಲಿ ಅಸ್ಪಷ್ಟವಾಗಿ ಉಳಿದಿರುವ ಕೆಲವು ಅಂಶಗಳಿಗೆ ಅರ್ಥ ದೊರೆಯುತ್ತದೆ. ದಕ್ಷಿಣದವರಿಗೆ ಕುದುರೆಯನ್ನು ಸಾಕುವುದೇ ತಿಳಿಯದೆಂಬ ಹಳೆಯ ಅಪವಾದವನ್ನೂ ಪರೀಕ್ಷಿಸಿದಂತಾಗುತ್ತದೆ.

ಕುದುರೆಯು ದನದಂತೆ ಮೆಲುಕು ಹಾಕುವ ಪ್ರಾಣಿಯಲ್ಲ. ಅದರ ಜಠರ ದೇಹಕ್ಕೆ ಹೋಲಿಸಿದರೆ ಚಿಕ್ಕದು. ಆದಕಾರಣ ಅದು ಸ್ವಲ್ಪಸ್ವಲ್ಪವಾಗಿ ಹಗಲಿರುಳೂ ಮೇಯಬೇಕು. ತಿಂದುದು ಒಗ್ಗದಿದ್ದರೆ ವಾಂತಿಮಾಡಿಕೊಳ್ಳುವ ಶಕ್ತಿಯೂ ಅದಕ್ಕಿಲ್ಲ. ಹೊಟ್ಟೆಯ ಶೂಲೆಯೊಂದೇ ಒಳ್ಳೆಯ ಕುದುರೆಯನ್ನು ಒಂದು ರಾತ್ರಿಯಲ್ಲಿ ಕೊಲ್ಲಬಲ್ಲುದು. ನಾನೂರು ಕಿಲೋಗ್ರಾಂ ತೂಕದ ಕುದುರೆಗೆ ದಿನವೊಂದಕ್ಕೆ ಹುಲ್ಲು ಕಾಳುಗಳು ಸೇರಿ ಸುಮಾರು ೮ ಕಿಲೋಗ್ರಾಂ ಒಣಮೇವೂ, ಕನಿಷ್ಠ ಪಕ್ಷ ೨೫–೩೦ ಲೀಟರು ನೀರೂ ಬೇಕು. ಬೇಸಗೆಯಲ್ಲಿ ದುಡಿಯುವ ಕುದುರೆಗೆ ಇದಕ್ಕಿಂತಲೂ ಹೆಚ್ಚು. ಇದರ ಮೇಲೆ ಮೈತಿಕ್ಕುವುದು, ಗೊರಸಿನಲ್ಲಿ ಸಿಕ್ಕಿಕೊಂಡ ಕಲ್ಲು ಕೆಸರುಗಳನ್ನು ತೆಗೆಯುವುದು, ಆರೇಳು ವಾರಕ್ಕೊಮ್ಮೆ ಗೊರಸನ್ನು ಕೆತ್ತುವುದು, ದಿನವೂ ಕಾಲಾಡಿಸುವುದು, ಲಾಯದ ನೆಲವನ್ನು ಒಣಗಿಸಿ ಇಡುವುದು, ಇವೆಲ್ಲ ತಪ್ಪದೆ ನಡೆಯಬೇಕಾದ ಕೆಲಸಗಳು.

ದಕ್ಷಿಣದವರಿಗೆ ಈ ಕೆಲಸಗಳು ಬಾರವೆಂದು ಮೊದಲು ಬರೆದವರಲ್ಲಿ ವೆನಿಸ್ಸಿನ ಮಾರ್ಕೊ ಪೋಲೊ ಮುಖ್ಯನು. ೧೩ನೆಯ ಶತಮಾನದ ಕೊನೆಯಲ್ಲಿ ಮಾಬಾರ್ ದೇಶವನ್ನು, ಎಂದರೆ ತಮಿಳುನಾಡಿನ ಕರಾವಳಿಯನ್ನು ಕಂಡ ಈತನು, ಅಲ್ಲಿಯ ಅರಸರು ಪ್ರತಿವರ್ಷವೂ ಸಾವಿರಾರು ಕುದುರೆಗಳನ್ನು ಕೊಳ್ಳುವರೆಂದೂ, ಆರೈಕೆಯಿಲ್ಲದೆ ಅವುಗಳಲ್ಲಿ ಬಹುಪಾಲು ವರ್ಷದೊಳಗೆ ಸಾಯುವುವೆಂದೂ, ಬೇಯಿಸಿದ ಅನ್ನ ಮಾಂಸಗಳನ್ನು ಅವುಗಳಿಗೆ ತಿನ್ನಿಸುವರೆಂದೂ ಬರೆದಿದ್ದಾನೆ. ಕುದುರೆ ಮಾರುವ ವರ್ತಕರು ತಮ್ಮ ವ್ಯಾಪಾರ ಕೆಡದಂತೆ ಅಶ್ವವೈದ್ಯರನ್ನು ಅತ್ತ ಹೋಗಗೊಡುತ್ತಿರಲಿಲ್ಲವಂತೆ. ಪಾರಸಿ ಇತಿಹಾಸಕಾರನಾದ ವಸ್ಸಾಫನು ಅದೇ ಪ್ರದೇಶವನ್ನು ಕುರಿತು ಹೇಳುವಾಗ, ಹುರಿದ ಜವೆಗೋದಿಯನ್ನೂ ಬೆಣ್ಣೆಯಲ್ಲಿ ಬೇಯಿಸಿದ ಕಾಳನ್ನೂ ಕುದುರೆಗಳಿಗೆ ಕೊಡುತ್ತಾರೆಂದೂ, ಕಾಯಿಸಿದ ಹಾಲನ್ನು ಕುಡಿಸುತ್ತಾರೆಂದೂ, ಮೈತುಂಬಲೆಂದು ನಾಲ್ವತ್ತು ದಿನ ಹಗ್ಗಗೂಟಗಳಿಂದ ಲಾಯದಲ್ಲಿ ಕಟ್ಟಿಹಾಕುತ್ತಾರೆಂದೂ ಹೇಳುತ್ತಾನೆ. ಈ ಇಬ್ಬರ ಮಾತನ್ನೇ ಹಿಡಿದು, ಮಾಬಾರಿಗೆ ಹೇಳಿದುದನ್ನು ಕರ್ಣಾಟಕಕ್ಕೂ ಅನ್ವಯಿಸಿ ಬರೆಯುವ ಪದ್ಧತಿ ಬೆಳೆದುಬಂದಿದೆ. ಇದು ಯುಕ್ತವಲ್ಲ. ಕರಾವಳಿಯ ತೇವದ ನೆಲ ಬೇರೆ, ಎಡೆದೊರೆಯ ಒಣನೆಲ ಬೇರೆ. ಅದೂ ಅಲ್ಲದೆ, ಈ ಆಕ್ಷೇಪಗಳಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಕಲಸಿಹೋಗಿವೆ. ಕುದುರೆಯನ್ನು ಕದಲದಂತೆ ಕಟ್ಟಿ ಕೊಬ್ಬಿದ ಆಹಾರವನ್ನು ತುಂಬಿದರೆ ಗೊರಸಿನೊಳಗೆ ಉರಿಯೂತ ಹುಟ್ಟಿ ಅದು ಕುಂಟಾಗುವುದೆಂಬುದು ಇಂದಿನ ಪಶುವೈದ್ಯರೂ ಒಪ್ಪುವ ಮಾತು. ಈ ಅಂಶದಲ್ಲಿ ವಸ್ಸಾಫನ ದೃಷ್ಟಿ ಸೂಕ್ಷ್ಮವಾದುದೇ. ಆದರೆ ಕಾಳನ್ನು ಬೇಯಿಸಿ ಕೊಡುವುದೂ ಅದರಂತೆಯೇ ಅಜ್ಞಾನವೆಂಬುದನ್ನು ಒಪ್ಪುವಂತಿಲ್ಲ.

ಒಳನಾಡಿನ ಪದ್ಧತಿಯನ್ನು ಕಣ್ಣಾರೆ ಕಂಡು ಬರೆದವನು ರಷ್ಯಾದೇಶದ ವರ್ತಕ ಅಫನಾಸಿ ನಿಕಿತಿನ್. ೧೪೭೦ರ ಆಸುಪಾಸಿನಲ್ಲಿ ಬಹಮನಿ ರಾಜ್ಯದಲ್ಲಿ ಸಂಚರಿಸಿದ ಈತನ ಬರಹದಲ್ಲಿ ರಾಯಚೂರಿನ ಹೆಸರು ವಜ್ರಗಳ ಸಂಬಂಧದಲ್ಲಿ ಬರುತ್ತದೆ. ಈತನು ತನ್ನದೇ ಒಂದು ಗಂಡುಕುದುರೆಯನ್ನು ಹಡಗಿನಲ್ಲಿ ಏರಿಸಿಕೊಂಡು ಚೌಲ್ ಬಂದರಿನಲ್ಲಿ ಇಳಿದವನು. ಅದಕ್ಕೆ ತಗುಲಿದುದು ನೂರು ರೂಬಲ್ಲುಗಳು. ಜುನ್ನರದಲ್ಲಿ ಅಲ್ಲಿಯ ಖಾನನು ಅದನ್ನು ಕಿತ್ತುಕೊಂಡು, ಮತಾಂತರ ಹೊಂದಿದರೆ ಮಾತ್ರ ಕೊಡುವೆನೆಂದು ಹಟಹಿಡಿದನು. ಪ್ರಯಾಸದಿಂದ ಅದನ್ನು ಬಿಡಿಸಿಕೊಂಡ ನಿಕಿತಿನ್ನನು ಕಡೆಗೆ ಬಿದರೆಯಲ್ಲಿ ಮಾರಿದನು. ಒಂದು ವರ್ಷ ಅದನ್ನು ಮೇಯಿಸಿದುದಕ್ಕೆ ತನಗೆ ೬೮ ನಾಣ್ಯಗಳು ಖರ್ಚಾದುವೆಂದು ಆತನು ಲೆಕ್ಕ ಬರೆದಿಟ್ಟಿರುವನು. ಸುಲ್ತಾನರ ಸಾವಿರಾರು ಕುದುರೆಗಳ ನಡುವೆ, ಒಬ್ಬ ಬಡ ವರ್ತಕನ ಒಂದೇ ಕುದುರೆಯ ಹೊಟ್ಟೆಯ ಲೆಕ್ಕ ಹೀಗೆ ಉಳಿದುಬಂದಿರುವುದು ವಿಶೇಷವೇ ಸರಿ. ಈ ದೇಶದಲ್ಲಿ ಕುದುರೆಗಳು ಹುಟ್ಟುವುದಿಲ್ಲ, ಎತ್ತು ಎಮ್ಮೆಗಳು ಮಾತ್ರ ಹುಟ್ಟುತ್ತವೆ ಎಂದೂ, ಕುದುರೆಗಳಿಗೆ ಕಡಲೆಯನ್ನೂ, ಸಕ್ಕರೆ ಎಣ್ಣೆಗಳೊಡನೆ ಬೇಯಿಸಿದ ಖಿಚಡಿಯನ್ನೂ ತಿನ್ನಿಸುವರೆಂದೂ ಆತನು ಹೇಳುತ್ತಾನೆ. ಕುದುರೆಗಳು ಹುಟ್ಟುವುದಿಲ್ಲವೆಂಬುದು ಉತ್ಪ್ರೇಕ್ಷೆ. ಭೀಮಾತೀರದ ಸಣ್ಣ, ಗಟ್ಟಿಮುಟ್ಟಾದ ತಳಿ ಪ್ರಸಿದ್ಧವಾದುದು. ರಾವುತನು ಬಯಸುತ್ತಿದ್ದ ಎತ್ತರದ ತೇಜಿ ಮಾತ್ರ ಸಮುದ್ರದಾಚೆಯಿಂದಲೇ ಬರಬೇಕಾಗಿತ್ತು.

ಹೀಗೆ ಹೊರಗಿನಿಂದ ಬಂದ ಕುದುರೆ ಇಲ್ಲಿಯ ಮೇವಿಗೆ ಒಗ್ಗಬೇಕಾಯಿತು. ಅರಬ್ಬೀ ಪಾರಸೀ ದೇಶಗಳಲ್ಲಿ ಅದಕ್ಕೆ ಜವೆಗೋದಿಯ ಆಹಾರ. ಎಡೆದೊರೆಯಲ್ಲಿ ಎರೆಯ ಹೊಲದಲ್ಲಿ ಹಿಂಗಾರಿಯ ಬಿಳಿಜೋಳವೂ, ಮಸಾರಿಯ ಬಡನೆಲದಲ್ಲಿ ಹುರುಳಿಯೂ ಬೆಳೆಯುವುವು. ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನು, ಅಲ್ಲಿ ಜವೆಗೋದಿಯಿಲ್ಲದ ಕಾರಣ ಜನರು ತಿನ್ನುವ ಕಾಳುಗಳನ್ನೇ ಕುದುರೆಗಳಿಗೂ ಕೊಡುವರೆಂದು ಸ್ಪಷ್ಟವಾಗಿ ಹೇಳಿರುವನು. ಹುರುಳಿಯಲ್ಲಿ ಪುಷ್ಟಿಯಿದೆ, ಆದರೆ ಹಸಿಯ ಕಾಳಿನಲ್ಲಿ ಜೀರ್ಣಕ್ಕೆ ತಡೆಯೊಡ್ಡುವ ದ್ರವ್ಯಗಳಿದ್ದು, ನೆನೆಸಿ ಬೇಯಿಸಿದಾಗ ಅವು ಬಹಳಮಟ್ಟಿಗೆ ನಾಶವಾಗುವುವು. ಇದು ಆಧುನಿಕ ಪರೀಕ್ಷೆಗಳಿಂದ ತಿಳಿದುಬಂದ ವಿಷಯ. ಇದರಿಂದ, ಜವೆಗೋದಿಯ ನಾಡಿನಿಂದ ಬಂದವರ ಕಣ್ಣಿಗೆ ಹುಚ್ಚಾಗಿ ಕಂಡ ಅಡಿಗೆಯು ಹುರುಳಿಯ ನಾಡಿಗೆ ತಕ್ಕ ಕ್ರಮವೇ ಆಗಿದ್ದಿತೆಂದು ಹೇಳಬೇಕಾಗುವುದು.

ಕುದುರೆಗಳು ಅಧಿಕಸಂಖ್ಯೆಯಲ್ಲಿ ಸಾಯುತ್ತಿದ್ದುದು ಸುಳ್ಳಲ್ಲ. ಸಾಳುವ ನರಸಿಂಹನು ಹೊರ್ಮುಜ್, ಏಡನ್‌ಗಳಿಂದ ತರಿಸಿದ ಕುದುರೆಗಳನ್ನು ಸತ್ತಿರಲಿ ಬದುಕಿರಲಿ ಸಾವಿರ ವರಹಕ್ಕೆ ಮೂರರಂತೆ ಕೊಳ್ಳುತ್ತಿದ್ದನೆಂದೂ, ಸಮುದ್ರದಲ್ಲಿ ಸತ್ತುದರ ಬಾಲವನ್ನು ತಂದು ತೋರಿಸಿದರೂ ಪೂರ್ತಿ ಬೆಲೆ ಸಲ್ಲುತ್ತಿದ್ದಿತೆಂದೂ ನೂನಿಜನು ಬರೆದಿದ್ದಾನೆ. ನಷ್ಟದ ಒಂದು ಭಾಗವು ದಕ್ಷಿಣದ ಲಾಯವನ್ನು ಸೇರುವುದಕ್ಕೆ ಮೊದಲೇ ಕಡಲಿನಲ್ಲಿ ಆಗುತ್ತಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ. ಲಾಯವನ್ನು ಸೇರಿದ ಮೇಲಿನ ವ್ಯವಸ್ಥೆಯನ್ನೂ ಅದೇ ನೂನಿಜನು ವಿವರಿಸುತ್ತಾನೆ. ಅರಮನೆಯ ಸಂಬಳದಲ್ಲಿ ೧,೬೦೦ ಮಂದಿ ಕುದುರೆಗಾರರೂ, ಕುದುರೆಗಳನ್ನು ಪಳಗಿಸುವ ೩೦೦ ಮಂದಿಯೂ ಇದ್ದರು. ೬,೦೦೦ ರಾವುತರಿಗೆ ಅರಸನು ಕುದುರೆಯನ್ನು ಬಿಟ್ಟಿಯಾಗಿ ಕೊಟ್ಟು, ಅದರ ಆಹಾರಕ್ಕೆ ತಿಂಗಳು ತಿಂಗಳಿಗೆ ಪಡಿಯನ್ನೂ ಕೊಡುತ್ತಿದ್ದನು. ಕುದುರೆಯ ಮೈಮೇಲೆ ರಾಜಮುದ್ರೆ. ಅದು ಸತ್ತರೆ ಮುದ್ರೆಯಿದ್ದ ಚರ್ಮದ ತುಂಡನ್ನು ಕೊಯ್ದು ಅಶ್ವಾಧ್ಯಕ್ಷನಿಗೆ ಒಪ್ಪಿಸಿದ ಮೇಲೆಯೇ ಬೇರೊಂದು ದೊರೆಯುತ್ತಿತ್ತು. ಪಡಿಯನ್ನು ತಾನು ನುಂಗಿ, ಕುದುರೆಯನ್ನು ಮಾರಿಕೊಂಡು, ಸತ್ತಿತೆಂದು ಹೇಳುವ ರಾವುತರಿಗೆ ಇದು ತಡೆಯಾಗಿದ್ದಿರಬೇಕು. ಆರೈಕೆಯೇ ತಿಳಿಯದ ರಾಜ್ಯದಲ್ಲಿ ಇಂಥ ಲೆಕ್ಕಾಚಾರ ಹುಟ್ಟಲಾರದು.

ಇನ್ನು ರಾಯಚೂರಿನ ಯುದ್ಧ. ಇದರ ಮೂಲವೇ ಕುದುರೆಯ ಹಣ. ಗೋವೆಯಲ್ಲಿ ಕುದುರೆಗಳನ್ನು ಕೊಂಡುತರಲೆಂದು ಕೃಷ್ಣದೇವರಾಯನು ಸೈಯದ್ ಮರಕ್ಕಾರನೆಂಬ ವರ್ತಕನ ಕೈಗೆ ೪೦,೦೦೦ ವರಹಗಳನ್ನು ಕೊಟ್ಟು ಕಳುಹಿಸಲು, ಆತನು ಹಣದೊಡನೆ ಆದಿಲಶಾಹನ ಆಶ್ರಯಕ್ಕೆ ಓಡಿಹೋದನೆಂದು ನೂನಿಜನ ಹೇಳಿಕೆ. ನೂನಿಜನು ಯುದ್ಧಕ್ಕೆ ಕೊಡುವ ೧೫೨೨ ಎಂಬ ವರ್ಷವನ್ನು, ಅಮಾವಾಸ್ಯೆ ಶನಿವಾರಗಳ ಗಣನೆಯಿಂದ ತಿದ್ದಿ, ೧೫೨೦ನೆಯ ಮೇ ೧೯ ಎಂದು ಸೂವೆಲ್ಲನು ನಿರ್ಣಯಿಸಿರುವನು. ಮೇ ತಿಂಗಳೇ ಏಕೆ? ಇಂದು ಮಾನವಿಯ ಸೀಮೆಯಲ್ಲಿ ಕಾಣುವ ಬತ್ತದ ಗದ್ದೆಗಳು ೧೯೫೩ರ ತರುವಾಯ ತುಂಗಭದ್ರೆಯ ಕಾಲುವೆಯಿಂದ ಬಂದುವು. ಅಂದಿನ ನೆಲವನ್ನು ಊಹಿಸುವವರು ಅವನ್ನು ಮರೆಯಬೇಕು. ಹಿಂಗಾರಿ ಜೋಳ ಮಾಘ ಫಾಲ್ಗುಣಗಳಲ್ಲಿ ಕೊಯ್ಲಾಗಿ, ವೈಶಾಖದ ವೇಳೆಗೆ ಕಾಳು ಹಗೇವುಗಳಲ್ಲಿಯೂ ಕಣಿಕೆ ಬಣವೆಗಳಲ್ಲಿಯೂ ಇರುತ್ತದೆ. ದೇವದುರ್ಗದ ಬಡಗಲ ಕೃಷ್ಣೆಯಾಗಲಿ ಮಾನವಿಯ ತೆಂಕಲ ತುಂಗಭದ್ರೆಯಾಗಲಿ ಆಗ ಬತ್ತಿದ್ದು ದಾಟಲು ಸುಲಭ. ಮಳೆಗಾಲ ಹಿಡಿದ ಮೇಲೆ ಎರೆಯ ಕೆಸರಿನಲ್ಲಿ ಕುದುರೆಯ ಕಾಲು ಹೂಳುವುದಲ್ಲದೆ ಹೊಳೆಗಳೂ ತುಂಬುವುವು. ಹೀಗೆ ಮೇವು ಹೆಚ್ಚಾಗಿ ದೊರೆಯುವ ಕಾಲವೂ ನೀರು ಅತ್ಯಂತ ಕಡಮೆಯಾಗಿರುವ ಕಾಲವೂ ಇಲ್ಲಿ ಒಂದೇ ಆಗಿರುವುದು ದಂಡನಾಯಕರಿಗೆ ಬಂದೊದಗಿದ ಸಂಕಟ.

ನೂನಿಜನು ಕೊಡುವ ವಿವರಗಳನ್ನು ಕೂಡಿಸಿದರೆ ವಿಜಯನಗರದ ದಂಡಿನಲ್ಲಿ ೩೨,೬೦೦ ಕುದುರೆಗಳಿದ್ದಂತಾಗುತ್ತದೆ. ಮೇಲೆ ಹೇಳಿದ ಪ್ರಮಾಣದಲ್ಲಿ ಇವುಗಳಿಗೆ ದಿನಕ್ಕೆ ಸುಮಾರು ೨೬೦ ಟನ್ನು ಮೇವೂ ಹತ್ತು ಲಕ್ಷ ಲೀಟರಿನಷ್ಟು ನೀರೂ ಬೇಕು. ಗಾಡಿಗೆ ಅರ್ಧ ಟನ್ನಿನಂತೆ ಹಿಡಿದರೂ ದಿನವೊಂದಕ್ಕೆ ಐನೂರಕ್ಕೆ ಮೇಲ್ಪಟ್ಟ ಗಾಡಿಗಳು. ಆ ಗಾಡಿಗಳ ಎತ್ತುಗಳೂ ತಿನ್ನಬೇಕಷ್ಟೆ. ಇಷ್ಟನ್ನು ಹಂಪೆಯಿಂದ ಹೊತ್ತು ತರುವುದು ಅಸಾಧ್ಯ. ಆದಕಾರಣ, ಒಂದೋ ಈ ಸಂಖ್ಯೆ ಬಹಳ ಉಬ್ಬಿದುದು, ಇಲ್ಲವೆ ಸುತ್ತಣ ಹಳ್ಳಿಗಳ ಬಣವೆಗಳೆಲ್ಲ ಬರಿದಾಗಿರಬೇಕು. ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿದರೂ ಎರಡನೆಯ ಮಾತು ನಿಲ್ಲುತ್ತದೆ. ತಾನು ಬೆಳೆದ ಕಣಿಕೆಯನ್ನು ಕಳೆದುಕೊಂಡ ಒಕ್ಕಲಿಗನ ಎತ್ತು ಮುಂಗಾರಿನ ಬೇಸಾಯಕ್ಕೆ ಏನು ತಿಂದು ನಿಂತಿತೆಂಬುದನ್ನು ಯಾವ ಪ್ರವಾಸಿಯೂ ಬರೆದಿಲ್ಲ. ನೀರಿನ ವಿಷಯವನ್ನು ಮಾತ್ರ ನೂನಿಜನು ಬಿಟ್ಟಿಲ್ಲ. ದಂಡು ಬಂದಾಗ ಅರೆಗಾಲು ಆಳವಿದ್ದ ಒಂದು ಹೊಳೆಯು, ಅರ್ಧ ಜನ ದಾಟುವಷ್ಟರಲ್ಲಿ ಹನಿಯೂ ಇಲ್ಲದಂತೆ ಬತ್ತಿ, ಹಿಂದಿನವರು ಮರಳಿನಲ್ಲಿ ಒರತೆ ತೋಡಬೇಕಾಯಿತಂತೆ. ಬಾಯಾರಿ ಯಾರೂ ಸಾಯದಿರಲೆಂದು ತೊಗಲ ಚೀಲ ಹೊತ್ತ ೧೨,೦೦೦ ಮಂದಿ ದಾರಿಯುದ್ದಕ್ಕೂ ನಿಂತಿದ್ದರೆಂದೂ ಹೇಳುತ್ತಾನೆ. ದಂಡು ರಾಯಚೂರಿನ ತೆಂಕಣ ಮಲಿಯಾಬಾದಿನಲ್ಲಿ ಬೀಡುಬಿಟ್ಟಿತು. ಸೋತ ಆದಿಲಶಾಹನ ಸೈನ್ಯವು ಕೃಷ್ಣೆಯತ್ತ ಓಡಿದಾಗ ಆಳುಗಳೂ ಕುದುರೆಗಳೂ ಹೊಳೆಯಲ್ಲಿ ಮುಳುಗಿದವು. ವಿಜಯನಗರಕ್ಕೆ ದೊರೆತ ಕೊಳ್ಳೆಯಲ್ಲಿ ೪,೦೦೦ ಕುದುರೆಗಳಿದ್ದುವೆಂದು ನೂನಿಜನ ಲೆಕ್ಕ.

ಕನ್ನಡಿಗರಲ್ಲಿ ಈ ವಿದ್ಯೆಗೆ ಬರಹದ ಪರಂಪರೆಯೂ ಉಂಟು. ಚಾಲುಕ್ಯ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲಿ ಕುದುರೆಗಳ ವೈಹಾಳಿಗೆಂದೇ ಒಂದು ವಿನೋದವಿದೆ. ಅಭಿನವಚಂದ್ರನು ಸುಮಾರು ೧೪೦೦ರಲ್ಲಿ ಕನ್ನಡದಲ್ಲಿ ಅಶ್ವವೈದ್ಯವನ್ನು ರಚಿಸಿದನು. ಬಹಮನಿ ಅಹಮದ್ ಶಾಹ್ ವಲಿಯ ಆಜ್ಞೆಯಂತೆ ಶಾಲಿಹೋತ್ರ ಪರಂಪರೆಯ ಸಂಸ್ಕೃತ ಗ್ರಂಥವೊಂದು ಪಾರಸಿಗೆ ತರ್ಜುಮೆಯಾಯಿತು. ಎಡೆದೊರೆಗಾಗಿ ಕಾದಾಡುತ್ತಿದ್ದ ಎರಡು ಪಕ್ಷಗಳೂ ಒಂದೇ ಮೂಲದ ವೈದ್ಯವನ್ನು ಆಶ್ರಯಿಸಿದುದು ಗಮನಾರ್ಹ. ಭಾಷೆಯ ಸಾಕ್ಷ್ಯವೂ ಇದಕ್ಕೆ ಹೊಂದುತ್ತದೆ: ಜೀನು, ಲಗಾಮು, ರಿಕಾಪು, ತೋಬರ ಇವು ಪಾರಸಿ ಅರಬ್ಬಿಗಳಿಂದ ಬಂದವು, ಹುಲ್ಲು, ಮೇವು, ಹುರುಳಿ, ಕಣಿಕೆ, ಗೊರಸು ಇವು ಮನೆಯ ಮಾತುಗಳು. ಸವಾರಿಯ ಸಾಮಗ್ರಿಯನ್ನು ರಾವುತನು ಹೊರಗಿನಿಂದ ಕಲಿತನು. ಮೇವಿನ ಕೆಲಸ ಹಳ್ಳಿಯವನ ಕೈಯಲ್ಲಿಯೇ ಉಳಿಯಿತು. ಶಾಸನಗಳಲ್ಲಿ ಬರುವ ಸಾಹಣಿಯು ಲಾಯದ ಅಧಿಕಾರಿ. ಅವನ ಕೈಕೆಳಗೆ ಹುರುಳಿ ಬೇಯಿಸಿದವರ ಹೆಸರು ಎಲ್ಲಿಯೂ ಇಲ್ಲ. ೧೨೯೪ರಲ್ಲಿ ರಾಯಚೂರಿನ ಕೋಟೆಗೆ ತಂದ ನಾಲ್ವತ್ತೊಂದು ಅಡಿಗೂ ಮಿಕ್ಕ ಉದ್ದದ ಕಲ್ಲಿನ ಸಾಗಾಟವನ್ನಾದರೋ ಗೋಡೆಯಲ್ಲಿ ಚಿತ್ರಿಸಿದ್ದಾರೆ. ಗಾಡಿಯನ್ನು ಎಳೆವ ಪಶುಗಳ ಸಾಲೂ ಅದರಲ್ಲಿ ಕಾಣುತ್ತದೆ.

೧೮೫೩ರಲ್ಲಿ ನಿಜಾಮನು ಈ ದೋಆಬನ್ನು ಆಂಗ್ಲರಿಗೆ ಒಪ್ಪಿಸಿ ೧೮೬೦ರಲ್ಲಿ ಮರಳಿ ಪಡೆದನು. ಲಿಂಗಸೂಗೂರಿನ ದಂಡುಪ್ರದೇಶದಲ್ಲಿದ್ದ ಹೈದರಾಬಾದು ಕಂಟಿಂಜೆಂಟಿನ ರಾವುತರದು ಸಿಲ್ಲೇದಾರಿ ಪದ್ಧತಿ: ಕುದುರೆಯೂ ಅದರ ಮೇವಿನ ಹೊಣೆಯೂ ರಾವುತನದೇ, ಸರ್ಕಾರದ್ದು ಸಂಬಳ ಮಾತ್ರ. ವಿಜಯನಗರದ ಪಡಿ ಮುದ್ರೆಗಳ ಏರ್ಪಾಟಿಗೆ ಇದು ನೇರವಾಗಿ ವಿರುದ್ಧವಾದುದು. ತನ್ನ ಸ್ವತ್ತನ್ನು ರಾವುತನು ತಾನೇ ಕಾಯ್ದುಕೊಳ್ಳುವನೆಂಬ ನಂಬಿಕೆ ಇದರ ಆಧಾರ. ೧೮೭೧ರಲ್ಲಿ ಮುಂಬಯಿಯ ಕಡೆಯಿಂದ ಬಂದ ರೈಲುದಾರಿಯೂ ಮದರಾಸಿನ ಕಡೆಯಿಂದ ಬಂದುದೂ ರಾಯಚೂರಿನಲ್ಲಿ ಕೂಡಿಕೊಂಡುವು. ಅಲ್ಲಿಂದ ಮುಂದೆ ಈ ಸೀಮೆಗೆ ದೂರದಿಂದ ಬರುವ ಸೈನ್ಯಕ್ಕಾಗಲಿ ಸರಕಿಗಾಗಲಿ ದಾರಿಯ ಬಣವೆ ಬಾವಿಗಳ ಹಂಗು ಇಲ್ಲವಾಯಿತು.