ಕಲ್ಲಿನ ಅಚ್ಚು, ಜಾಲತಾಣದ ಅಚ್ಚು

ಹರಪನಹಳ್ಳಿ ತಾಲ್ಲೂಕಿನ ಬಾಗಳಿ ಹಿಂದೆ ಹೆಸರಾದ ಅಗ್ರಹಾರ. ಅಲ್ಲಿ ಮೂವತ್ತಕ್ಕೂ ಹೆಚ್ಚು ಹಳಗನ್ನಡ ಶಾಸನಗಳು ದೊರೆತಿವೆ. ಕಲ್ಲೇಶ್ವರ ಗುಡಿಯನ್ನು ದುಗ್ಗಿಮಯ್ಯ ಕಟ್ಟಿಸಿದನೆಂಬುದು ಚಾಲುಕ್ಯ ಇಮ್ಮಡಿ ತೈಲಪನ ಕಾಲದ, ಕ್ರಿ.ಶ. 987ರ ಶಾಸನದಿಂದ ತಿಳಿಯುತ್ತದೆ. ಕೊಟ್ಟೂರಿಗೆ ಹತ್ತಿರದ ಅಂಬಳಿ, ಹಡಗಲಿ ಸೀಮೆಯ ಕುರುವತ್ತಿಗಳಲ್ಲೂ ಚಾಲುಕ್ಯರ ಕಾಲದ ಗುಡಿಗಳಿವೆ. ಆ ಕಾಲದ ನಾಲ್ಕಾರು ದಾನಶಾಸನಗಳನ್ನು ಒಟ್ಟಿಗೆ ಓದಿದವರಿಗೆ ಒಂದು ಸಂಗತಿ ಹೊಳೆಯದೆ ಇರದು: ಅವೆಲ್ಲ ಒಂದೇ ಅಚ್ಚಿನವು.

ಮೊದಲು ದೇವರ ಸ್ತುತಿ, ಬಳಿಕ ಅರಸನ ಬಿರುದಾವಳಿ, ಸಾಮಂತನ ಹೆಸರು. ಆಮೇಲೆ ವರ್ಷ, ಸಂವತ್ಸರ, ತಿಥಿ, ವಾರ. ಅನಂತರ ಕೊಟ್ಟವನಾರು, ಪಡೆದವನಾರು, ಎಷ್ಟು ಮತ್ತರು ಭೂಮಿ ಎಂಬ ವಿವರ. ಕೊನೆಗೆ ದಾನ ಕೆಡಿಸಿದವನಿಗೆ ಶಾಪ. ಬಿರುದು, ಶಾಪಗಳು ಊರೂರಿಗೂ ಹೆಚ್ಚುಕಡಿಮೆ ಒಂದೇ. ಹೆಸರು, ತೇದಿ, ಅಳತೆಗಳು ಮಾತ್ರ ಬೇರೆ. 1076ರಲ್ಲಿ ಆರನೆಯ ವಿಕ್ರಮಾದಿತ್ಯ ತನ್ನದೇ ಶಕೆಯನ್ನು ಆರಂಭಿಸಿದಾಗ, ಶಕವರ್ಷ ಬರೆಯುತ್ತಿದ್ದ ಜಾಗದಲ್ಲಿ ಚಾಲುಕ್ಯ ವಿಕ್ರಮ ವರ್ಷ ಬಂದು ಕೂತಿತು. ಉಳಿದ ಚೌಕಟ್ಟು ಹಾಗೆಯೇ ಮುಂದುವರಿಯಿತು.

ಇಂದು ಜಾಲತಾಣ ಕಟ್ಟುವ ಒಂದು ವಿಧಾನದ ಮೂಲತತ್ವವೂ ಇದೇ. 1991ರಲ್ಲಿ ಟಿಮ್ ಬರ್ನರ್ಸ್-ಲೀ ಹೊರಜಗತ್ತಿಗೆ ತೆರೆದ ಮೊದಲ ಜಾಲತಾಣದ್ದು ಸ್ಥಿರ ಪುಟಗಳು. ಒಮ್ಮೆ ಬರೆದಿಟ್ಟದ್ದೇ ಎಲ್ಲರಿಗೂ ಕಾಣುತ್ತಿತ್ತು. ಮುಂದೆ, ಯಾರಾದರೂ ಕೇಳಿದಾಗಲೆಲ್ಲ ದತ್ತಸಂಚಯದಿಂದ ಮಾಹಿತಿ ತೆಗೆದು ಆಗಿಂದಾಗಲೇ ಪುಟ ತಯಾರಿಸುವ ತಾಣಗಳು ಬಂದವು. ಬ್ಯಾಂಕು, ರೈಲು ಟಿಕೆಟ್‌ಗಳಿಗೆ ಅದು ಬೇಕೇ ಬೇಕು. ಆದರೆ ಅದಕ್ಕೆ ಸದಾ ಉಸ್ತುವಾರಿ ಬೇಕು. ಕೈಬಿಟ್ಟರೆ ತಾಣ ಕೆಡುತ್ತದೆ.

2008ರಲ್ಲಿ ಟಾಮ್ ಪ್ರೆಸ್ಟನ್-ವರ್ನರ್ ಹೊರತಂದ ಜೆಕಿಲ್ ಎಂಬ ತಂತ್ರಾಂಶ ಹಳೆಯ ಸ್ಥಿರ ಪುಟಗಳಿಗೆ ಮತ್ತೆ ಜೀವ ತಂದಿತು. ಇದರಲ್ಲಿ ಬರಹ ಒಂದು ಕಡೆ ಸಾದಾ ಕಡತವಾಗಿ ಇರುತ್ತದೆ. ಪುಟದ ಅಚ್ಚು, ಅಂದರೆ ಟೆಂಪ್ಲೇಟ್, ಇನ್ನೊಂದು ಕಡೆ. ತಂತ್ರಾಂಶ ಎರಡನ್ನೂ ಕೂಡಿಸಿ ಎಲ್ಲ ಪುಟಗಳನ್ನೂ ಮೊದಲೇ ಸಿದ್ಧಮಾಡಿಡುತ್ತದೆ. ಅಚ್ಚಿನಲ್ಲಿ ಒಂದು ಸಾಲು ತಿದ್ದಿ ಮತ್ತೆ ನಡೆಸಿದರೆ ಸಾವಿರ ಪುಟಗಳೂ ಬದಲಾಗುತ್ತವೆ. ಕಲ್ಲುಕುಟಿಗನಿಗೆ ಈ ಸೌಲಭ್ಯವಿರಲಿಲ್ಲ.

ನಮ್ಮ ಸೀಮೆಗೆ ಇದರಿಂದೇನು ಪ್ರಯೋಜನ? ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಕಡೆಯ ಅನೇಕ ಶಾಸನಗಳ ಪಾಠ, ಈ ಭಾಗ ಮದರಾಸು ಪ್ರಾಂತ್ಯದಲ್ಲಿದ್ದಾಗ, 1939ರಲ್ಲೇ ಅಚ್ಚಾಗಿದೆ. ಸಂಪಾದಕರು ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣ ರಾವ್. ಶಾಸನಕ್ಕೊಂದು ಕಡತ, ಎಲ್ಲಕ್ಕೂ ಒಂದೇ ಅಚ್ಚು ಎಂದಿಟ್ಟುಕೊಂಡರೆ, ಕೊಟ್ಟೂರಿನ ಅಥವಾ ಹಗರಿಬೊಮ್ಮನಹಳ್ಳಿಯ ಒಂದು ಶಾಲೆಯೂ ತನ್ನ ಸುತ್ತಲ ಊರುಗಳ ಶಾಸನಗಳನ್ನು ಅಲ್ಪ ಖರ್ಚಿನಲ್ಲಿ ಜಗತ್ತಿನ ಮುಂದಿಡಬಹುದು. ಊರುವಾರು, ಅರಸುವಾರು ಪಟ್ಟಿಗಳನ್ನು ತಂತ್ರಾಂಶವೇ ಮಾಡಿಕೊಡುತ್ತದೆ.

ಒಂದು ಎಚ್ಚರ ಮಾತ್ರ ಅಗತ್ಯ. ಒಡೆದ ಕಲ್ಲಿನಲ್ಲಿ ಬಿರುದೋ ಶಾಪವೋ ಅಳಿಸಿದ್ದರೆ ಅಚ್ಚಿನ ನೆರವಿನಿಂದ ವಿದ್ವಾಂಸರು ಊಹಿಸಬಲ್ಲರು. ಊಹೆಯನ್ನು ಕಂಸದೊಳಗಿಡುವುದು ಅವರ ಶಿಸ್ತು. ದಾನಿಯ ಹೆಸರೇ ಅಳಿಸಿದ್ದರೆ ಯಾವ ಅಚ್ಚೂ ಅದನ್ನು ಮರಳಿ ಕೊಡಲಾರದು. ಆ ಜಾಗವನ್ನು ಖಾಲಿಯೇ ಬಿಡಬೇಕು. ಇನ್ನೂ ಉಳಿದಿರುವ ಹೆಸರುಗಳು ಅಳಿಯುವ ಮೊದಲೇ ದಾಖಲಾಗಬೇಕು.